ಅಮೆರಿಕದ ಸಂಸತ್ತಿನಲ್ಲಿ ಮಾರ್ಮನರು

ಮಾರ್ಮನರು ಎಂದರೆ 1830ರಲ್ಲಿ ನ್ಯೂಯಾರ್ಕ್ ರಾಜ್ಯದ ಫಯೆಟ್ ಎಂಬಲ್ಲಿ ಜೋಸೆಫ್ ಸ್ಮಿತ್ ಸ್ಥಾಪಿಸಿದ ಕ್ರೈಸ್ತ ಪಂಥದ ಅನುಯಾಯಿಗಳು. ಪಂಥದ ಅಧಿಕೃತ ಹೆಸರು ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್. ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೆ ಈ ಪಂಥದವರು 1851ರಲ್ಲಿ ಕಾಲಿಟ್ಟರು. ಮುಂದಿನ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅವರ ಇತಿಹಾಸವನ್ನು ಒಂದೇ ಪ್ರಶ್ನೆ ಆಳಿತು: ಜನ ಆರಿಸಿ ಕಳಿಸಿದವನನ್ನು ಅವನ ಮತಾಚಾರ ಹಿಡಿಸದೆಂದು ಸದನ ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಬಹುದೇ?

ಮಿಸೌರಿಯಿಂದ ಮಾರ್ಮನರನ್ನು ಓಡಿಸಲಾಗಿತ್ತು. ಇಲಿನಾಯ್ಸ್‌ನಲ್ಲಿ 1844ರ ಜೂನ್‌ನಲ್ಲಿ ಸ್ಮಿತ್‌ನನ್ನು ಗುಂಪೊಂದು ಕೊಂದಿತು. ಆ ವರ್ಷ ಅವನು ಅಮೆರಿಕದ ಅಧ್ಯಕ್ಷ ಪದವಿಗೆ ಅಭ್ಯರ್ಥಿಯಾಗಿದ್ದ. ಉಳಿದವರಲ್ಲಿ ಬಹುಪಾಲು ಜನ ಬ್ರಿಗಮ್ ಯಂಗ್‌ನ ನಾಯಕತ್ವದಲ್ಲಿ ಪಶ್ಚಿಮಕ್ಕೆ ನಡೆದು 1847ರಲ್ಲಿ ಸಾಲ್ಟ್ ಲೇಕ್ ಕಣಿವೆ ಸೇರಿದರು. 1850ರಲ್ಲಿ ಯೂಟಾ ಕೇಂದ್ರಾಡಳಿತದ ಪ್ರಾಂತ್ಯವಾಯಿತು. ಪ್ರಾಂತ್ಯದ ಪ್ರತಿನಿಧಿಗೆ ಕಾಂಗ್ರೆಸ್ಸಿನ ಕೆಳಮನೆಯಾದ ಪ್ರತಿನಿಧಿ ಸಭೆಯಲ್ಲಿ ಕೂರುವ, ಮಾತಾಡುವ ಹಕ್ಕಿತ್ತೇ ಹೊರತು ಮತ ಹಾಕುವ ಹಕ್ಕಿರಲಿಲ್ಲ. ವೈದ್ಯನಾಗಿದ್ದ ಜಾನ್ ಬರ್ನ್‌ಹೈಸಲ್ ಈ ಸ್ಥಾನದಲ್ಲಿ ಕುಳಿತ ಮೊದಲ ಮಾರ್ಮನ್.

ಪಂಥ ಬಹುಪತ್ನಿತ್ವವನ್ನು 1852ರಲ್ಲಿ ಬಹಿರಂಗವಾಗಿ ಸಾರಿದ ಮೇಲೆ ವಾಷಿಂಗ್ಟನ್ನಿನ ಧೋರಣೆ ಬಿಗಿಯಾಯಿತು. 1862ರ ಮೊರಿಲ್ ಕಾಯ್ದೆ ಅದನ್ನು ಅಪರಾಧವೆಂದಿತು. 1879ರಲ್ಲಿ ರೆನಾಲ್ಡ್ಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ನಂಬಿಕೆಗೆ ರಕ್ಷಣೆಯುಂಟು, ಕೃತ್ಯಕ್ಕಿಲ್ಲ ಎಂದು ಗೆರೆ ಎಳೆಯಿತು. ಹೆಂಡತಿ ಗಂಡನ ಚಿತೆಯೇರುವುದು ಧರ್ಮವೆಂದರೆ ಸರ್ಕಾರ ತಡೆಯಬಾರದೇ ಎಂಬ ವಾದ, ಅಂದರೆ ನಮ್ಮ ನಾಡಿನ ಸತಿ ಪದ್ಧತಿಯ ನೆನಪು, ಆ ತೀರ್ಪಿನಲ್ಲೇ ಇದೆ.

ಈ ಬಿಗಿಯ ಮೊದಲ ಪೆಟ್ಟು ತಿಂದವನು ಜಾರ್ಜ್ ಕ್ಯಾನನ್. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಹುಟ್ಟಿ, ಮಾರ್ಮನ್ ಗ್ರಂಥವನ್ನು ಹವಾಯಿ ಭಾಷೆಗೆ ತಂದಿದ್ದ ಇವನು ಪಂಥದ ಅಪೊಸ್ತಲರಲ್ಲೊಬ್ಬ, ಅಂದರೆ ಉನ್ನತ ನಾಯಕರಲ್ಲೊಬ್ಬ; ಬಹುಪತ್ನೀಕ. 1873ರಿಂದ ಯೂಟಾದ ಪ್ರತಿನಿಧಿ. 1880ರ ಚುನಾವಣೆಯಲ್ಲಿ ಅವನಿಗೆ 18,568 ಮತ, ಎದುರಾಳಿ ಕ್ಯಾಂಬೆಲ್‌ಗೆ 1,357. ಆದರೂ ಪ್ರಾಂತ್ಯದ ಗವರ್ನರ್ ಎಲೈ ಮರ್ರಿ, ಕ್ಯಾನನ್‌ನ ಪೌರತ್ವ ಸರಿಯಿಲ್ಲವೆಂದು ಸೋತವನಿಗೇ ಗೆಲುವಿನ ಪ್ರಮಾಣಪತ್ರ ಬರೆದುಕೊಟ್ಟ. ವ್ಯಾಜ್ಯ ನಡೆಯುತ್ತಿರುವಾಗಲೇ, 1882ರಲ್ಲಿ, ಬಹುಪತ್ನೀಕರಿಗೆ ಸಾರ್ವಜನಿಕ ಹುದ್ದೆ ಇಲ್ಲವೆನ್ನುವ ಎಡ್ಮಂಡ್ಸ್ ಕಾಯ್ದೆ ಬಂತು. ಸದನ ಇಬ್ಬರನ್ನೂ ಒಪ್ಪದೆ ಸ್ಥಾನ ಖಾಲಿಯೆಂದು ಘೋಷಿಸಿತು. ತೆರವಾದ ಸ್ಥಾನಕ್ಕೆ ಆರಿಸಿ ಬಂದ ಜಾನ್ ಕೇನ್ ಕೂಡ ಮಾರ್ಮನನೇ, ಆದರೆ ಏಕಪತ್ನೀಕ.

ನೆರೆಯ ಐಡಹೊ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಬಹುಪತ್ನಿತ್ವ ಬೋಧಿಸುವ ಸಂಸ್ಥೆಯ ಸದಸ್ಯನಲ್ಲವೆಂದು ಪ್ರಮಾಣ ಮಾಡದವನಿಗೆ ಅಲ್ಲಿ ಮತದಾನದ ಹಕ್ಕೇ ಇರಲಿಲ್ಲ. ಒಬ್ಬಳೇ ಹೆಂಡತಿಯಿದ್ದ ಮಾರ್ಮನನೂ ಇದರಿಂದ ಮತ ಕಳೆದುಕೊಂಡ. 1890ರಲ್ಲಿ ಡೇವಿಸ್ ವಿರುದ್ಧ ಬೀಸನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದನ್ನೂ ಎತ್ತಿಹಿಡಿಯಿತು. ಈ ಮೊಕದ್ದಮೆಗೆ ಕರ್ನಾಟಕದ ನಂಟೊಂದಿದೆ. 1954ರಲ್ಲಿ ಉಡುಪಿಯ ಶಿರೂರು ಮಠದ ಪ್ರಕರಣ ನಮ್ಮ ಸುಪ್ರೀಂ ಕೋರ್ಟಿಗೆ ಬಂದಾಗ, ಧರ್ಮವೆಂದರೆ ಏನೆಂಬುದಕ್ಕೆ ಡೇವಿಸ್ ತೀರ್ಪು ಕೊಟ್ಟಿದ್ದ ವ್ಯಾಖ್ಯೆಯನ್ನು ವಾದದಲ್ಲಿ ಮುಂದಿಡಲಾಯಿತು. ನ್ಯಾಯಮೂರ್ತಿ ಬಿ.ಕೆ. ಮುಖರ್ಜಿಯವರ ಪೀಠ ಆ ವ್ಯಾಖ್ಯೆ ಸಾಲದೆಂದಿತು. ಧರ್ಮವೆಂದರೆ ಬರಿಯ ನಂಬಿಕೆಯಲ್ಲ, ವಿಧಿ ಆಚರಣೆಗಳೂ ಅದರ ಅಂಗವಾಗಬಹುದು ಎಂಬುದು ಪೀಠದ ನಿಲುವು. ಐಡಹೊದ ಮಾರ್ಮನರ ಮತ ಕಸಿದ ತರ್ಕವನ್ನು ಉಡುಪಿಯ ಮಠದ ವಿಷಯದಲ್ಲಿ ಭಾರತ ಒಪ್ಪಲಿಲ್ಲ.

1890ರಲ್ಲಿ ಪಂಥದ ಅಧ್ಯಕ್ಷ ವಿಲ್ಫರ್ಡ್ ವುಡ್ರಫ್ ಹೊಸ ಬಹುಪತ್ನೀ ವಿವಾಹಗಳನ್ನು ನಿಲ್ಲಿಸುವ ಪ್ರಕಟಣೆ ಹೊರಡಿಸಿದ. ಮಾರ್ಮನರದ್ದೇ ಆಗಿದ್ದ ಪೀಪಲ್ಸ್ ಪಾರ್ಟಿ ಮರುವರ್ಷ ಬರಖಾಸ್ತಾಗಿ, ಅದರ ಸದಸ್ಯರು ರಿಪಬ್ಲಿಕನ್, ಡೆಮಾಕ್ರಟಿಕ್ ಪಕ್ಷಗಳಿಗೆ ಹಂಚಿಹೋದರು. 1896ರ ಜನವರಿ 4ರಂದು ಯೂಟಾ ರಾಜ್ಯವಾಯಿತು. ಕ್ಯಾನನ್‌ನ ಮಗ ಫ್ರಾಂಕ್ ಕಾಂಗ್ರೆಸ್ಸಿನ ಮೇಲ್ಮನೆಯಾದ ಸೆನೆಟಿಗೆ ಅದರ ಮೊದಲ ಸದಸ್ಯರಲ್ಲೊಬ್ಬನಾದ. ಮುಂದೆ ಪಂಥದ ಕಟು ವಿಮರ್ಶಕನಾಗಿ ಬಹಿಷ್ಕಾರಕ್ಕೂ ಒಳಗಾದ.

ರಾಜ್ಯವಾದ ಮಾತ್ರಕ್ಕೆ ಅನುಮಾನ ಕರಗಲಿಲ್ಲ. 1898ರಲ್ಲಿ ಪ್ರತಿನಿಧಿ ಸಭೆಗೆ ಗೆದ್ದ ಬಿ.ಎಚ್. ರಾಬರ್ಟ್ಸ್‌ಗೆ ಮೂವರು ಹೆಂಡಿರು. ಅವನನ್ನು ಸೇರಿಸಬಾರದೆಂದು ಸುಮಾರು 70 ಲಕ್ಷ ಸಹಿಗಳ ಮನವಿ ವಾಷಿಂಗ್ಟನ್ನಿಗೆ ಬಂತು. 1900ರ ಜನವರಿ 25ರಂದು ಸದನ 268–50 ಮತಗಳಿಂದ ಅವನನ್ನು ಹೊರಗಿಟ್ಟಿತು. ಸಂವಿಧಾನ ಸದಸ್ಯನಿಂದ ಬಯಸುವುದು ವಯಸ್ಸು, ಪೌರತ್ವ, ವಾಸ ಈ ಮೂರನ್ನೇ. ಅವನ ವಿವಾಹ ಅಪರಾಧವಾಗಿದ್ದರೆ ವಿಚಾರಿಸಲು ನ್ಯಾಯಾಲಯವಿತ್ತು. ಸದನ ನಾಲ್ಕನೆಯ ಅರ್ಹತೆಯೊಂದನ್ನು ತಾನೇ ಹುಟ್ಟಿಸಿದ್ದು ತಪ್ಪು. ಸಂವಿಧಾನದಲ್ಲಿಲ್ಲದ ಅರ್ಹತೆಯನ್ನು ಸದನ ಸೇರಿಸುವಂತಿಲ್ಲ ಎಂದು 1969ರಲ್ಲಿ, ಹಾರ್ಲೆಮ್‌ನ ಕಪ್ಪು ಸದಸ್ಯ ಆಡಮ್ ಕ್ಲೇಟನ್ ಪವೆಲ್‌ನ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟು ಹೇಳಿತು. ರಾಬರ್ಟ್ಸ್ ತೀರಿಕೊಂಡು ಆಗಲೇ 35 ವರ್ಷ ದಾಟಿತ್ತು.

ನಿರ್ಣಾಯಕ ಹೋರಾಟ ನಡೆದದ್ದು ಸೆನೆಟಿನಲ್ಲಿ. 1903ರಲ್ಲಿ ಯೂಟಾ ಶಾಸನಸಭೆ ಆರಿಸಿದ ರೀಡ್ ಸ್ಮೂಟ್ ಏಕಪತ್ನೀಕ, ಆದರೆ ಪಂಥದ ಅಪೊಸ್ತಲ. ಅವನು ಪ್ರಮಾಣವಚನ ಸ್ವೀಕರಿಸಿ ಕುಳಿತರೂ ಅವನ ಅರ್ಹತೆಯ ವಿಚಾರಣೆ 1904ರಿಂದ ಎರಡು ವರ್ಷಕ್ಕೂ ಮೀರಿ ನಡೆಯಿತು. ನಡವಳಿಯ ಪುಟಗಳು 3,000 ದಾಟಿದವು. ಹೆಸರಿಗೆ ಸ್ಮೂಟ್‌ನ ವಿಚಾರಣೆ. ಕಟಕಟೆಯಲ್ಲಿ ನಿಂತದ್ದು ಇಡೀ ಪಂಥ. ಪಂಥದ ಅಧ್ಯಕ್ಷ ಜೋಸೆಫ್ ಎಫ್. ಸ್ಮಿತ್ ಸಾಕ್ಷಿ ಹೇಳಲು ಬಂದು, 1890ರ ಪ್ರಕಟಣೆಯ ನಂತರವೂ ತನ್ನ ಐವರು ಹೆಂಡಿರೊಂದಿಗೆ ಸಂಸಾರ ನಡೆಸಿದ್ದನ್ನು ಒಪ್ಪಿಕೊಂಡ. ದೇಶ ಬೆಚ್ಚಿತು. ಊರಿಗೆ ಮರಳಿದ ಅವನು 1904ರ ಏಪ್ರಿಲ್‌ನಲ್ಲಿ ಎರಡನೆಯ ಪ್ರಕಟಣೆ ಹೊರಡಿಸಿ, ಹೊಸದಾಗಿ ಬಹುಪತ್ನೀ ವಿವಾಹ ಮಾಡಿಕೊಂಡವರಿಗೆ ಬಹಿಷ್ಕಾರದ ಎಚ್ಚರಿಕೆ ಕೊಟ್ಟ. ಇಬ್ಬರು ಅಪೊಸ್ತಲರು ಹುದ್ದೆ ಬಿಡಬೇಕಾಯಿತು. ಸಮಿತಿ ಸ್ಮೂಟ್‌ನ ವಿರುದ್ಧ ವರದಿ ಕೊಟ್ಟರೂ, ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅವನ ಬೆನ್ನಿಗಿದ್ದ. 1907ರ ಫೆಬ್ರವರಿ 20ರಂದು ಅವನನ್ನು ತೆಗೆಯುವ ಪ್ರಯತ್ನ ಸೋತಿತು. ಬಹುಪತ್ನಿತ್ವವನ್ನು ಪಂಥ ನಿಜವಾಗಿ ಕೈಬಿಡತೊಡಗಿದ್ದು ಈ ವಿಚಾರಣೆಯ ಒತ್ತಡದಲ್ಲೇ. ಸ್ಮೂಟ್ 1933ರವರೆಗೆ ಸೆನೆಟಿನಲ್ಲಿದ್ದ. ರಾಷ್ಟ್ರೀಯ ಉದ್ಯಾನ ಸೇವೆಯ 1916ರ ಕಾಯ್ದೆಗೆ ದುಡಿದವನೂ ಅವನೇ, ಮಹಾ ಆರ್ಥಿಕ ಕುಸಿತವನ್ನು ಹದಗೆಡಿಸಿದ 1930ರ ಸ್ಮೂಟ್–ಹಾಲಿ ಆಮದು ಸುಂಕದ ಕಾಯ್ದೆಯೂ ಅವನದೇ.

1932ರಲ್ಲಿ ಅವನನ್ನು ಸೋಲಿಸಿದ ಎಲ್ಬರ್ಟ್ ಥಾಮಸ್, ಜಪಾನಿನಲ್ಲಿ ಧರ್ಮಪ್ರಚಾರಕನಾಗಿದ್ದ ಡೆಮಾಕ್ರಟಿಕ್ ಮಾರ್ಮನ್. ಅಲ್ಲಿಂದ ಮುಂದೆ ಸದಸ್ಯರ ಧರ್ಮವೇ ಸುದ್ದಿಯಾಗುವುದು ಅಪರೂಪವಾಯಿತು. 1954ರಲ್ಲಿ, ಕಮ್ಯುನಿಸ್ಟರ ಬೇಟೆಗೆ ಹೆಸರಾದ ಸೆನೆಟರ್ ಜೋಸೆಫ್ ಮೆಕಾರ್ತಿಯ ಖಂಡನೆಗೆ ಶಿಫಾರಸು ಮಾಡಿದ ಸಮಿತಿಯ ಮುಖ್ಯಸ್ಥ ಯೂಟಾದ ಮಾರ್ಮನ್ ಸೆನೆಟರ್ ಆರ್ಥರ್ ವಾಟ್ಕಿನ್ಸ್. 1980ರಲ್ಲಿ ಫ್ಲಾರಿಡಾದಿಂದ ಗೆದ್ದ ಪೌಲಾ ಹಾಕಿನ್ಸ್ ಸೆನೆಟಿನ ಮೊದಲ ಮಾರ್ಮನ್ ಮಹಿಳೆ. ಹೈಟಿ ಮೂಲದ ಮಿಯಾ ಲವ್ 2014ರಲ್ಲಿ ಯೂಟಾದಿಂದ ಗೆದ್ದು, ಕಾಂಗ್ರೆಸ್ಸಿಗೆ ಬಂದ ರಿಪಬ್ಲಿಕನ್ ಪಕ್ಷದ ಮೊದಲ ಕಪ್ಪು ಮಹಿಳೆಯಾದರು. ಎಲ್ಲರಿಗಿಂತ ಎತ್ತರಕ್ಕೇರಿದವರು ನೆವಾಡದ ಹ್ಯಾರಿ ರೀಡ್. ಯೌವನದಲ್ಲಿ ಪಂಥ ಸೇರಿದ ಈ ಡೆಮಾಕ್ರಟ್ 2007ರಿಂದ 2015ರವರೆಗೆ ಸೆನೆಟಿನ ಬಹುಮತದ ನಾಯಕ. 2012ರಲ್ಲಿ ಅವರು ಆ ಸ್ಥಾನದಲ್ಲಿರುವಾಗಲೇ ಮತ್ತೊಬ್ಬ ಮಾರ್ಮನ್ ಮಿಟ್ ರಾಮ್ನಿ ರಿಪಬ್ಲಿಕನ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ. 2019ರಲ್ಲಿ ಸೆನೆಟಿಗೆ ಬಂದ ರಾಮ್ನಿ ಮರುವರ್ಷ ಅಧ್ಯಕ್ಷ ಟ್ರಂಪ್ ಮಹಾಭಿಯೋಗದ ವಿಚಾರಣೆಯಲ್ಲಿ, ತಮ್ಮದೇ ಪಕ್ಷದ ಅಧ್ಯಕ್ಷನನ್ನು ಅಪರಾಧಿಯೆಂದ ಮೊದಲ ಸೆನೆಟರ್ ಎನಿಸಿದರು. ದೇವರ ಮುಂದೆ ಮಾಡಿದ ಪ್ರಮಾಣವನ್ನು ಅದಕ್ಕೆ ಕಾರಣವಾಗಿ ಹೇಳಿದರು.

 

2015ರ ಕಾಂಗ್ರೆಸ್ಸಿನಲ್ಲಿ 16 ಮಾರ್ಮನರಿದ್ದರು. 2025ರಲ್ಲಿ ಆರಂಭವಾದ 119ನೆಯ ಕಾಂಗ್ರೆಸ್ಸಿನಲ್ಲಿ ಒಂಬತ್ತು ಜನ: ಯೂಟಾದ ಎಲ್ಲ ಆರು ಸದಸ್ಯರು, ಐಡಹೊದ ಇಬ್ಬರು, ಆರಿಜೋನದ ಒಬ್ಬರು. ಒಂಬತ್ತೂ ಮಂದಿ ರಿಪಬ್ಲಿಕನ್ನರು. ಸೆನೆಟರ್ ಟಾಮ್ ಯೂಡಲ್ ನಿವೃತ್ತರಾಗಿ, ಪ್ರತಿನಿಧಿ ಸಭೆಯ ಬೆನ್ ಮೆಕ್‌ಆಡಮ್ಸ್ ಸೋತು ಹೊರನಡೆದ 2021ರ ಜನವರಿಯಿಂದ ಕಾಂಗ್ರೆಸ್ಸಿನಲ್ಲಿ ಡೆಮಾಕ್ರಟಿಕ್ ಪಕ್ಷದ ಮಾರ್ಮನರಿಲ್ಲ.