ಉದ್ದೇಶದಿಂದ ಕೋಷ್ಟಕಕ್ಕೆ: ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪ್ರಬಂಧವನ್ನು ಕಟ್ಟುವ ಕ್ರಮ

ಸಾರಾಂಶ

ಸಂಶೋಧನಾ ಪ್ರಬಂಧವನ್ನು ಓದುವ ಕ್ರಮ ಒಂದು, ಕಟ್ಟುವ ಕ್ರಮ ಇನ್ನೊಂದು. ಮಾಹಿತಿ ಸಂಗ್ರಹಕ್ಕೆ ಮುನ್ನವೇ ಫಲಿತಾಂಶದ ಖಾಲಿ ಕೋಷ್ಟಕಗಳನ್ನು ಹಾಕಿಕೊಂಡರೆ ಉದ್ದೇಶ, ಪ್ರಶ್ನಾವಳಿ, ಮಾದರಿ ಗಾತ್ರ ಮತ್ತು ಚರ್ಚೆ ಒಂದೇ ಎಳೆಗೆ ಬರುತ್ತವೆ ಎಂಬುದನ್ನು ಗರ್ಭಿಣಿಯರ ರಕ್ತಹೀನತೆಯ ಅಧ್ಯಯನವನ್ನು ಉದಾಹರಣೆಯಾಗಿಟ್ಟುಕೊಂಡು ಈ ಲೇಖನ ವಾದಿಸುತ್ತದೆ.

1. ಪೀಠಿಕೆ

ಪೀಠಿಕೆ, ಸಾಹಿತ್ಯ ಸಮೀಕ್ಷೆ, ವಿಧಾನ, ಫಲಿತಾಂಶ, ಚರ್ಚೆ, ಉಪಸಂಹಾರ: ಎಂ.ಪಿ.ಎಚ್. ಪ್ರಬಂಧಗಳ ಪರಿವಿಡಿ ಹೆಚ್ಚುಕಡಿಮೆ ಎಲ್ಲೆಡೆ ಇದೇ. ಇದರ ಹಿಂದಿರುವ ಪ್ರಶ್ನೆಗಳನ್ನು ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ 1965ರಲ್ಲಿ ನಾಲ್ಕಕ್ಕೆ ಇಳಿಸಿದ್ದರು: ಅಧ್ಯಯನಕ್ಕೆ ಕೈಹಾಕಿದ್ದು ಯಾಕೆ, ಮಾಡಿದ್ದೇನು, ಸಿಕ್ಕಿದ್ದೇನು, ಅದರ ಅರ್ಥವೇನು. ಓದುಗರಿಗೆ ಈ ಕ್ರಮ ಅನುಕೂಲ. ವಿದ್ಯಾರ್ಥಿಯೂ ಇದೇ ಕ್ರಮದಲ್ಲಿ ಬರೆಯತೊಡಗಿದಾಗ ತೊಡಕು ಶುರುವಾಗುತ್ತದೆ. ಸಾಹಿತ್ಯ ಸಮೀಕ್ಷೆ ಪುಟಗಟ್ಟಲೆ ಬೆಳೆಯುತ್ತದೆ. ಫಲಿತಾಂಶದ ಅಧ್ಯಾಯಕ್ಕೆ ಬರುವ ಹೊತ್ತಿಗೆ, ಕೇಳಲೇಬೇಕಿದ್ದ ಪ್ರಶ್ನೆ ಪ್ರಶ್ನಾವಳಿಯಲ್ಲಿ ಇರಲಿಲ್ಲವೆಂಬುದು ಗೊತ್ತಾಗುತ್ತದೆ. ಆಗ ಮತ್ತೆ ಹಳ್ಳಿಗೆ ಹೋಗಲು ಸಮಯವಿರುವುದಿಲ್ಲ.

2. ವಿಷಯ ಮತ್ತು ಪ್ರಶ್ನೆ

‘ಗರ್ಭಿಣಿಯರಲ್ಲಿ ರಕ್ತಹೀನತೆ’ ಎಂಬುದು ವಿಷಯವಷ್ಟೇ. ಅದರಲ್ಲಿ ಪ್ರಶ್ನೆ ಇನ್ನೂ ಹುಟ್ಟಿಲ್ಲ. ಎಷ್ಟು ಮಂದಿಗೆ ರಕ್ತಹೀನತೆಯಿದೆ ಎಂಬುದಕ್ಕೆ ಸ್ಥೂಲ ಉತ್ತರ ಈಗಾಗಲೇ ಇದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇ. 52.2, ಕರ್ನಾಟಕದಲ್ಲಿ ಶೇ. 45.7 ಮಂದಿಗೆ ರಕ್ತಹೀನತೆ. ಅದರ ಹಿಂದಿನ ಸಮೀಕ್ಷೆಯಲ್ಲಿ (2015–16) ಈ ಅಂಕಿಗಳು ಕ್ರಮವಾಗಿ 50.4 ಮತ್ತು 45.4. ಗರ್ಭಿಣಿಯರಿಗೆ ಸರ್ಕಾರ ಕಬ್ಬಿಣಾಂಶದ ಮಾತ್ರೆ ಹಂಚತೊಡಗಿದ್ದು 1970ರಲ್ಲಿ. 2018ರ ‘ಅನೀಮಿಯಾ ಮುಕ್ತ ಭಾರತ’ ಕಾರ್ಯಕ್ರಮದಂತೆ ನಾಲ್ಕನೇ ತಿಂಗಳಿನಿಂದ ದಿನಕ್ಕೊಂದು, ಒಟ್ಟು 180 ದಿನ ಮಾತ್ರೆ ನುಂಗಬೇಕು; ಒಂದೊಂದರಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ.

ಹಂಚಿಕೆ ಇಷ್ಟು ಹಳೆಯದಾಗಿದ್ದೂ ಪ್ರಮಾಣ ಇಳಿದಿಲ್ಲ. ಸಂಶೋಧನೆಯ ಪ್ರಶ್ನೆ ಹುಟ್ಟುವುದು ಈ ಬಿರುಕಿನಲ್ಲಿ: ಒಂದು ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಹೆಸರು ನೋಂದಾಯಿಸಿದ, ನಾಲ್ಕು ತಿಂಗಳು ದಾಟಿದ ಗರ್ಭಿಣಿಯರ ಪೈಕಿ ಕೈಗೆ ಬಂದ ಮಾತ್ರೆಯನ್ನು ನಿಜಕ್ಕೂ ನುಂಗುತ್ತಿರುವವರು ಎಷ್ಟು ಮಂದಿ? ಬಿಟ್ಟವರು ಬಿಟ್ಟಿದ್ದೇಕೆ? ಯಾರು, ಎಲ್ಲಿ, ಯಾವಾಗ, ಅಳೆಯುವುದೇನು ಎಂಬ ನಾಲ್ಕೂ ಇಲ್ಲಿ ಇತ್ಯರ್ಥವಾಗಿವೆ. ಸಾಹಿತ್ಯ ಸಮೀಕ್ಷೆ ಈ ಪ್ರಶ್ನೆಗೆ ಬೇಕಾದಷ್ಟೇ ಇದ್ದರೆ ಸಾಕು.

3. ಖಾಲಿ ಕೋಷ್ಟಕದ ಪರೀಕ್ಷೆ

ಪ್ರತಿ ಉದ್ದೇಶಕ್ಕೂ ಒಂದೊಂದು ಕೋಷ್ಟಕವನ್ನು ಅಂಕಿಗಳಿಲ್ಲದೆ ಬರೆದುಕೊಳ್ಳಬೇಕು. ಮೇಲಿನ ಪ್ರಶ್ನೆಗೆ ವಿದ್ಯಾರ್ಥಿ ಹಾಕುವ ಮೊದಲ ಕೋಷ್ಟಕದಲ್ಲಿ ಸಾಮಾನ್ಯವಾಗಿ ಎರಡು ಸಾಲು: ‘180 ಮಾತ್ರೆ ಪೂರೈಸಿದವರು’, ‘ಪೂರೈಸದವರು’. ಈಗ ಐದನೇ ತಿಂಗಳ ಗರ್ಭಿಣಿಯೊಬ್ಬರನ್ನು ಇದರಲ್ಲಿ ಕೂರಿಸಿ ನೋಡಬೇಕು. ಒಂದು ದಿನವೂ ತಪ್ಪಿಸದಿದ್ದರೂ ಅವರು ಎರಡನೇ ಸಾಲಿಗೇ ಬೀಳುತ್ತಾರೆ. ಅಧ್ಯಯನಕ್ಕೆ ಸೇರಿದ ಎಲ್ಲರ ಪಾಡೂ ಬಹುಮಟ್ಟಿಗೆ ಇದೇ. ಅಳತೆಗೋಲನ್ನೇ ಬದಲಿಸಬೇಕು: ಒಂದೋ ‘ಕಳೆದ ಏಳು ದಿನಗಳಲ್ಲಿ ನುಂಗಿದ ಮಾತ್ರೆ’ ಎಂದು ಕೇಳಿ, ಸ್ಟ್ರಿಪ್‌ನಲ್ಲಿ ಉಳಿದ ಮಾತ್ರೆ ಎಣಿಸಿ ತಾಳೆ ನೋಡುವುದು, ಇಲ್ಲವೇ ಗರ್ಭಿಣಿಯರ ಬದಲು ಇತ್ತೀಚೆಗೆ ಹೆರಿಗೆಯಾದ ತಾಯಂದಿರನ್ನು ಆರಿಸಿಕೊಳ್ಳುವುದು. ರಾಷ್ಟ್ರೀಯ ಸಮೀಕ್ಷೆ ಮಾತ್ರೆ ಸೇವನೆಯ ಬಗ್ಗೆ ಕೇಳುವುದು ಹಿಂದಿನ ಐದು ವರ್ಷಗಳಲ್ಲಿನ ಕೊನೆಯ ಹೆರಿಗೆಗೆ ಸಂಬಂಧಿಸಿ; ಹಿಮೋಗ್ಲೋಬಿನ್ ಅಳೆಯುವುದು ಸಮೀಕ್ಷೆಯ ದಿನ. ಆ ದತ್ತಾಂಶವನ್ನು ಬಳಸುವವರು ಇವೆರಡನ್ನೂ ಒಂದೇ ಗರ್ಭಾವಧಿಯವೆಂದು ಜೋಡಿಸಿದರೆ ಇಡೀ ಪ್ರಬಂಧ ಕುಸಿಯುತ್ತದೆ.

ಹಿಮೋಗ್ಲೋಬಿನ್ ಕಾಲಂ ಕೂಡ ಪ್ರಶ್ನೆಗಳನ್ನು ಎಬ್ಬಿಸುತ್ತದೆ. ಅಂಕಿ ಬರುವುದು ತಾಯಿ ಕಾರ್ಡಿನಿಂದಲೋ, ಹೊಸ ಪರೀಕ್ಷೆಯಿಂದಲೋ? ಕಾರ್ಡಿನದಾದರೆ ಯಾವ ದಿನಾಂಕದ್ದು, ಯಾವ ವಿಧಾನದ್ದು? ಗರ್ಭಿಣಿಯರಲ್ಲಿ ಡೆಸಿಲೀಟರಿಗೆ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂಬುದು ಬಹುಕಾಲದ ಮಾನದಂಡ. ವಿಶ್ವ ಆರೋಗ್ಯ ಸಂಸ್ಥೆಯ 2024ರ ಮಾರ್ಗಸೂಚಿ ಎರಡನೇ ತ್ರೈಮಾಸಿಕಕ್ಕೆ ಇದನ್ನು 10.5ಕ್ಕೆ ಇಳಿಸಿದೆ. ಹಾಗಾಗಿ ಗರ್ಭದ ವಾರಗಳನ್ನು ದಾಖಲಿಸದ ಪ್ರಶ್ನಾವಳಿಯಿಂದ ಈ ಕಾಲಂ ತುಂಬಲಾಗದು. ಖಾಲಿ ಕೋಷ್ಟಕವಿದ್ದರೆ ಈ ಕೊರತೆ ಮೊದಲ ದಿನವೇ ಕಣ್ಣಿಗೆ ಬೀಳುತ್ತದೆ.

4. ಮಾದರಿ ಗಾತ್ರದ ಆಯ್ಕೆ

ಮಾದರಿ ಗಾತ್ರಕ್ಕೆ ಸೂತ್ರ ಒಂದೇ ಇದ್ದರೂ ಉತ್ತರ ಒಂದೇ ಇರುವುದಿಲ್ಲ. ಕರ್ನಾಟಕದ ಶೇ. 45.7ನ್ನು ಆಧಾರವಾಗಿಟ್ಟುಕೊಂಡು, ಶೇ. 95 ವಿಶ್ವಾಸಮಟ್ಟದಲ್ಲಿ ನಿರಪೇಕ್ಷ ದೋಷ ಶೇ. 5 ಎಂದರೆ 382 ಮಂದಿ ಬೇಕು. ಸಾಪೇಕ್ಷ ದೋಷ ಶೇ. 20 ಎಂದರೆ 115 ಸಾಕು. ಎರಡನೆಯದರಲ್ಲಿ ಅಂದಾಜು ಒಂಬತ್ತು ಶೇಕಡಾ ಅಂಶಗಳಷ್ಟು ಅತ್ತಿತ್ತ ಸರಿಯಬಹುದು. ಆ ಮಾಹಿತಿ ಆಡಳಿತಕ್ಕೆ ಅಷ್ಟಾಗಿ ಉಪಯೋಗಕ್ಕೆ ಬಾರದು. ಉಪಕೇಂದ್ರಗಳನ್ನು ಗುಚ್ಛಗಳಾಗಿ ಆರಿಸಿ, ವಿನ್ಯಾಸ ಪರಿಣಾಮವನ್ನು 2 ಎಂದು ಹಿಡಿದರೆ 382 ದುಪ್ಪಟ್ಟಾಗಿ 764 ಆಗುತ್ತದೆ. ಅಷ್ಟು ಮಂದಿಯನ್ನು ಒಬ್ಬ ವಿದ್ಯಾರ್ಥಿ ತಲುಪಲಾಗದಿದ್ದರೆ ಉದ್ದೇಶವನ್ನು ಕಿರಿದಾಗಿಸುವುದೇ ಸರಿಯಾದ ದಾರಿ. ಸಿಕ್ಕಷ್ಟು ಜನರಿಗೆ ಹೊಂದುವಂತೆ ದೋಷದ ಪ್ರಮಾಣವನ್ನು ಹಿಗ್ಗಿಸಿದರೆ ವೈವಾದಲ್ಲಿ ಪರೀಕ್ಷಕರು ಮೊದಲು ಹಿಡಿಯುವುದು ಅದನ್ನೇ.

5. ಬರವಣಿಗೆ

ಮೊದಲು ಬರೆಯಬೇಕಾದ ಅಧ್ಯಾಯ ವಿಧಾನ. ನೈತಿಕ ಸಮಿತಿಯ ಅನುಮತಿ ದೊರೆತ ಮೇಲೆ, ಕ್ಷೇತ್ರಕಾರ್ಯ ನಡೆಯುವಾಗಲೇ ಇದನ್ನು ಬರೆದಿಡುವುದು ಲೇಸು. ಎಷ್ಟು ಮನೆಗಳ ಬಾಗಿಲು ಹಾಕಿತ್ತು, ಎಷ್ಟು ಮಂದಿ ತವರಿಗೆ ಹೋಗಿದ್ದರು ಎಂಬುದು ಆಮೇಲೆ ನೆನಪಿನಿಂದ ಸಿಗದು. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ನಮ್ಮ ರೂಢಿಯಿಂದ ಮೂರನೇ ತ್ರೈಮಾಸಿಕದವರ ಪಟ್ಟಿಯೇ ಏರುಪೇರಾಗುತ್ತದೆ. ಅವರನ್ನು ಕೈಬಿಟ್ಟಿದ್ದರೆ ಹಾಗೆಂದು ಹೇಳಬೇಕು. ವೀಕ್ಷಣಾ ಅಧ್ಯಯನಗಳ ವರದಿಗೆಂದು 2007ರಲ್ಲಿ ಪ್ರಕಟವಾದ ‘ಸ್ಟ್ರೋಬ್’ ಪಟ್ಟಿಯ 22 ಅಂಶಗಳು ಈ ಘಟ್ಟದಲ್ಲಿ ನೆರವಿಗೆ ಬರುತ್ತವೆ.

ಫಲಿತಾಂಶದ ಅಧ್ಯಾಯದಲ್ಲಿ ಕೋಷ್ಟಕವನ್ನೇ ಗದ್ಯಕ್ಕಿಳಿಸುವ ಅಗತ್ಯವಿಲ್ಲ. ಮುಖ್ಯವಾದುದನ್ನು ಹೇಳಿದರೆ ಸಾಕು. ಅನುಪಾತದ ಆಯ್ಕೆಯಲ್ಲಿ ಮಾತ್ರ ಎಚ್ಚರ ಬೇಕು. ಒಂದು ಗುಂಪಿನಲ್ಲಿ ಶೇ. 60, ಇನ್ನೊಂದರಲ್ಲಿ ಶೇ. 40 ಮಂದಿಗೆ ರಕ್ತಹೀನತೆ ಇದೆಯೆನ್ನೋಣ. ಪ್ರಮಾಣಗಳ ಅನುಪಾತ 1.5, ಆಡ್ಸ್ ಅನುಪಾತ 2.25. ಎರಡನೆಯದನ್ನು ಕಂಡು ‘ಎರಡು ಪಟ್ಟಿಗೂ ಹೆಚ್ಚು ಮಂದಿಗೆ’ ಎಂದು ಬರೆದರೆ ತಪ್ಪು. ಇಷ್ಟು ವ್ಯಾಪಕವಾದ ಸಮಸ್ಯೆಯಲ್ಲಿ ಆಡ್ಸ್ ಅನುಪಾತ ವ್ಯತ್ಯಾಸವನ್ನು ಉಬ್ಬಿಸಿ ತೋರಿಸುತ್ತದೆ.

ಚರ್ಚೆಯಲ್ಲಿ ಕಾರ್ಯಕಾರಣದ ಮಾತು ಬರುತ್ತದೆ. ಮಾತ್ರೆ ಸರಿಯಾಗಿ ನುಂಗುವವರಲ್ಲೇ ರಕ್ತಹೀನತೆ ಹೆಚ್ಚೆಂದು ಕಂಡರೆ ಅಚ್ಚರಿಪಡಬೇಕಿಲ್ಲ. ಹಿಮೋಗ್ಲೋಬಿನ್ ಕಡಿಮೆಯೆಂದು ಗೊತ್ತಾದ ಗರ್ಭಿಣಿಗೆ ದಿನಕ್ಕೆ ಎರಡು ಮಾತ್ರೆ ಕೊಡುತ್ತಾರೆ. ಆಶಾ ಕಾರ್ಯಕರ್ತೆಯೂ ಬೆನ್ನುಬಿದ್ದು ನುಂಗಿಸುತ್ತಾರೆ. ಕಾಯಿಲೆಯೇ ಮಾತ್ರೆಯನ್ನು ತಂದಿರುತ್ತದೆ. ಕಾರಣ ಮತ್ತು ಪರಿಣಾಮವನ್ನು ಒಂದೇ ದಿನ ಅಳೆಯುವ ಅಡ್ಡಛೇದ ಅಧ್ಯಯನದಲ್ಲಿ ಈ ಗಂಟನ್ನು ಪೂರ್ತಿ ಬಿಡಿಸಲಾಗದು. ತಡೆಗಾಗಿ ಮಾತ್ರೆ ಪಡೆದವರನ್ನೂ ಚಿಕಿತ್ಸೆಗಾಗಿ ಪಡೆದವರನ್ನೂ ಬೇರೆ ಸಾಲುಗಳಲ್ಲಿ ಇಟ್ಟಿದ್ದರೆ ಅದು ಓದುಗರಿಗಾದರೂ ಕಾಣುತ್ತದೆ. ಪೀಠಿಕೆ, ಸಾರಾಂಶ, ಶೀರ್ಷಿಕೆಗಳು ಇದಾದ ಮೇಲೆ ಬರಲಿ.

6. ಉಪಸಂಹಾರ

ಮೇಲೆ ಚರ್ಚಿಸಿದ ತೊಡಕುಗಳಲ್ಲಿ ಬಹುಪಾಲು ಪ್ರಬಂಧದ ಕೊನೆಯಲ್ಲಿ ಬಯಲಾಗುವಂಥವು, ಆದರೆ ಆರಂಭದಲ್ಲೇ ಸರಿಪಡಿಸಬಹುದಾದವು. ಸಿನಾಪ್ಸಿಸ್ ಒಪ್ಪಿಸುವಾಗ ಈಗ ಪ್ರಶ್ನಾವಳಿ ಮತ್ತು ಒಪ್ಪಿಗೆ ಪತ್ರವನ್ನು ಲಗತ್ತಿಸುತ್ತೇವೆ. ಖಾಲಿ ಕೋಷ್ಟಕಗಳನ್ನೂ ಕಡ್ಡಾಯವಾಗಿ ಕೇಳಿದರೆ, ಪ್ರತಿ ಕಾಲಂ ತುಂಬುವ ಪ್ರಶ್ನೆಯ ಸಂಖ್ಯೆಯನ್ನು ಅದರ ತಲೆಯ ಮೇಲೇ ಬರೆಯಿಸಿದರೆ, ಗೈಡ್ ಆದವರಿಗೆ ಉದ್ದೇಶಕ್ಕೂ ಉಪಕರಣಕ್ಕೂ ನಡುವಿನ ಅಂತರ ಒಂದೇ ನೋಟಕ್ಕೆ ಸಿಗುತ್ತದೆ. ಯಾವ ಕಾಲಂಗೂ ಸೇರದ ಪ್ರಶ್ನೆಯನ್ನು ಆಗಲೇ ಕಿತ್ತುಹಾಕಬಹುದು. ಕೂಲಿ ಬಿಟ್ಟು ಉತ್ತರಿಸಲು ಕೂರುವ ಹೆಂಗಸಿನ ಸಮಯವೂ ಅಷ್ಟರಮಟ್ಟಿಗೆ ಉಳಿಯುತ್ತದೆ.