ಏರುದಿಬ್ಬದ ಸ್ಟೇಜ್, ಬೆಟ್ಟಿಂಗ್ ಲೆಕ್ಕ: ರೇಸ್ ಅರ್ಥವಾದ್ರೂ ದುಡ್ಡು ಯಾಕೆ ಹೋಗುತ್ತೆ?

2025ರ ಜುಲೈ 10, ಗುರುವಾರ. ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್‌ನ ಆರನೇ ಸ್ಟೇಜ್. ನಮ್ಮ ಪಿಜಿಯಲ್ಲಿ ಸೈಕ್ಲಿಂಗ್ ನೋಡುವ ಹುಚ್ಚು ಇದ್ದದ್ದು ನನಗೊಬ್ಬನಿಗೇ. ರೂಮ್‌ಮೇಟ್‌ಗೆ ಇದ್ದದ್ದು ಬೆಟ್ಟಿಂಗ್ ಹುಚ್ಚು. ಐಪಿಎಲ್ ಮುಗಿದು ತಿಂಗಳಾಗಿತ್ತು, ಅವನ ಕೈ ಸುಮ್ಮನಿರ್ತಿರ್ಲಿಲ್ಲ. "ಇವತ್ತು ಯಾರು ಗೆಲ್ತಾರೋ?" ಅಂತ ಟೀ ಕುಡೀತಾ ಕೇಳಿದ. ನಾನು ನಕ್ಷೆ ತೋರಿಸಿ, ಏರುಗಳನ್ನು ಎಣಿಸಿ, "ಇದು ವ್ಯಾನ್ ಡರ್ ಪೂಲ್‌ಗೆ ಹೇಳಿ ಮಾಡಿಸಿದ ದಾರಿ. ಇವತ್ತು ಅವನು ಮುಂದಿನ ಗುಂಪಿನಲ್ಲಿ ಹೋಗ್ತಾನೆ" ಅಂದೆ. ಅವನು ಬಾಡಿಗೆಗೆ ಅಂತ ತೆಗೆದಿಟ್ಟಿದ್ದ ಆರು ಸಾವಿರ ರೂಪಾಯಿಯನ್ನು ಯಾವುದೋ ವಿದೇಶಿ ಆಪ್‌ನಲ್ಲಿ ಹಾಕಿಬಿಟ್ಟ.

ನಾನು ಹೇಳಿದ್ದು ಸುಳ್ಳಾಗಲಿಲ್ಲ. ಮಾಥ್ಯೂ ವ್ಯಾನ್ ಡರ್ ಪೂಲ್ ಎಂಟು ಜನರ ಮುಂದಿನ ಗುಂಪು ಸೇರಿಕೊಂಡ. ಆ ದಿನದ ಕೊನೆಗೆ ಒಟ್ಟಾರೆ ಮುನ್ನಡೆಯ ಹಳದಿ ಜೆರ್ಸಿಯೂ ಅವನದೇ ಆಯ್ತು, ತಾಡೆ ಪೊಗಾಚರ್‌ಗಿಂತ ಬರೀ ಒಂದು ಸೆಕೆಂಡು ಮುಂದೆ. ಆದರೆ ಸ್ಟೇಜ್ ಗೆದ್ದದ್ದು ಐರ್ಲೆಂಡ್‌ನ ಬೆನ್ ಹೀಲಿ. ಸುಮಾರು 40 ಕಿಲೋಮೀಟರ್ ಬಾಕಿ ಇರುವಾಗಲೇ ಒಬ್ಬನೇ ಕಿತ್ತುಕೊಂಡು ಹೋದವನು ಎರಡೂವರೆ ನಿಮಿಷಕ್ಕೂ ಹೆಚ್ಚು ಅಂತರದಲ್ಲಿ ಗೆದ್ದ. ಕ್ವಿನ್ ಸಿಮನ್ಸ್ ಎರಡನೆಯವ, ಮೈಕಲ್ ಸ್ಟೋರರ್ ಮೂರನೆಯವ. ನನ್ನ ಮಾತು ಮುಕ್ಕಾಲು ಪಾಲು ನಿಜವಾಯ್ತು. ಮುಕ್ಕಾಲು ಪಾಲು ದುಡ್ಡೇನೂ ವಾಪಸ್ ಬರಲಿಲ್ಲ.

ಅವತ್ತಿನಿಂದ ಈ ಲೆಕ್ಕವನ್ನು ಸರಿಯಾಗಿ ಬರೆದಿಡಬೇಕು ಅಂದುಕೊಂಡಿದ್ದೆ. ಗೆಲ್ಲುವ ಟಿಪ್ಸ್ ಹುಡುಕಿಕೊಂಡು ಬಂದವರಿಗೆ ಇಲ್ಲಿ ಏನೂ ಸಿಗೋದಿಲ್ಲ. ಈ ಬಾಜಿ ಹೇಗೆ ಕಟ್ಟಲ್ಪಟ್ಟಿದೆ ಅನ್ನೋದಷ್ಟೇ ಇಲ್ಲಿದೆ.

ಏರುದಿಬ್ಬದ ಸ್ಟೇಜ್ ಅಂದ್ರೆ ಏನು?

2025ರ ಟೂರ್‌ನಲ್ಲಿ 23 ತಂಡ, ತಂಡಕ್ಕೆ 8 ಜನ, ಒಟ್ಟು 184 ಸವಾರರು. 21 ಸ್ಟೇಜ್‌ಗಳಲ್ಲಿ 7 ಸಮತಟ್ಟು, 6 ಏರುದಿಬ್ಬ, 6 ಪರ್ವತ, 2 ಟೈಮ್ ಟ್ರಯಲ್. ಸಮತಟ್ಟು ದಾರಿಯಲ್ಲಿ ಸಾಮಾನ್ಯವಾಗಿ ಗುಂಪೆಲ್ಲ ಒಟ್ಟಿಗೆ ಬಂದು ಕೊನೆಯಲ್ಲಿ ಸ್ಪ್ರಿಂಟರ್‌ಗಳು ಗುದ್ದಾಡುತ್ತಾರೆ. ಪರ್ವತದಲ್ಲಿ ಹಗುರ ಮೈಯ ಏರುಗಾರರದ್ದೇ ರಾಜ್ಯ. ಟೈಮ್ ಟ್ರಯಲ್‌ನಲ್ಲಿ ಒಬ್ಬೊಬ್ಬರಾಗಿ ಗಡಿಯಾರದ ವಿರುದ್ಧ ಓಡಿಸಬೇಕು.

ಏರುದಿಬ್ಬದ ಸ್ಟೇಜ್ ಈ ಮೂರರ ಯಾವ ಲೆಕ್ಕಕ್ಕೂ ಸಿಗದ್ದು. ಚಿಕ್ಕ ಚಿಕ್ಕ ಏರುಗಳು, ಕೆಲವು ತುಂಬಾ ಕಡಿದು, ಒಂದಾದ ಮೇಲೆ ಒಂದು ಬರುತ್ತಲೇ ಇರುತ್ತವೆ. ನಾನು ಹೇಳುತ್ತಿರುವ ಆರನೇ ಸ್ಟೇಜ್ ನಾರ್ಮಂಡಿಯ ಬಾಯೂದಿಂದ ವೀರ್‌ವರೆಗೆ 201.5 ಕಿಲೋಮೀಟರ್. ದೊಡ್ಡ ಪರ್ವತ ಒಂದೂ ಇಲ್ಲ, ಆದರೂ ಒಟ್ಟು ಹತ್ತಿದ ಎತ್ತರ 3,500 ಮೀಟರ್ ಆಸುಪಾಸು. ಸ್ಪ್ರಿಂಟರ್‌ಗೆ ಇದು ಜಾಸ್ತಿ. ಶುದ್ಧ ಏರುಗಾರನಿಗೆ ಒಂದೊಂದು ಏರೂ ತೀರಾ ಗಿಡ್ಡ. ಗಿಡ್ಡ ಏರಿನಲ್ಲಿ ಪಟ್ಟನೆ ಜಿಗಿಯಬಲ್ಲವರನ್ನು ಫ್ರೆಂಚ್‌ನಲ್ಲಿ 'ಪಂಚರ್' ಅಂತಾರೆ. ನಮ್ಮ ಟಯರ್ ಪಂಚರ್‌ಗೂ ಇದಕ್ಕೂ ಸಂಬಂಧವಿಲ್ಲ. ಗುದ್ದು ಕೊಡುವವನು ಅನ್ನೋ ಅರ್ಥ.

ಇನ್ನೊಂದು ವಿಷಯ ಗಾಳಿ. ಬರ್ಟ್ ಬ್ಲಾಕೆನ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ದೊಡ್ಡ ಗುಂಪಿನ ಒಳಗಡೆ ಅಡಗಿ ಹೋಗುವವನಿಗೆ ತಾಗುವ ಗಾಳಿಯ ತಡೆ, ಒಂಟಿಯಾಗಿ ಹೋಗುವವನಿಗೆ ತಾಗುವುದರ ಶೇ. 5ರಿಂದ 10ರಷ್ಟೇ. ಅಂದ್ರೆ ಸಮತಟ್ಟಿನಲ್ಲಿ ಒಂಟಿ ಸವಾರ ಬಡಪಾಯಿ. ಕಡಿದಾದ ಏರಿನಲ್ಲಿ ವೇಗ ಇಳಿಯುತ್ತೆ, ಗುಂಪಿನ ಆ ಲಾಭವೂ ಇಳಿಯುತ್ತೆ. ಏರುದಿಬ್ಬದ ದಾರಿಯಲ್ಲಿ ಗುಂಪಿಗೂ ಅವಕಾಶ ಇದೆ, ಒಂಟಿಗೂ ಇದೆ.

ಆರು ಸ್ಟೇಜ್, ಆರು ಕಥೆ

ಆ ವರ್ಷದ ಆರು ಏರುದಿಬ್ಬದ ಸ್ಟೇಜ್‌ಗಳನ್ನು ಸಾಲಾಗಿ ನೋಡಿ. ಎರಡನೇ ಸ್ಟೇಜ್: ವ್ಯಾನ್ ಡರ್ ಪೂಲ್, ಪೊಗಾಚರ್‌ನನ್ನು ಹಿಂದಿಕ್ಕಿ. ನಾಲ್ಕನೇದು: ಪೊಗಾಚರ್, ಈ ಸಲ ವ್ಯಾನ್ ಡರ್ ಪೂಲ್‌ನನ್ನು ಹಿಂದಿಕ್ಕಿ. ಅದು ಅವನ ವೃತ್ತಿಜೀವನದ ನೂರನೇ ಗೆಲುವು. ಆರನೇದು: ಹೀಲಿ. ಏಳನೇದು: ಮತ್ತೆ ಪೊಗಾಚರ್. ಹದಿನೈದನೇದು: ಟಿಮ್ ವೆಲೆನ್ಸ್, ಪೊಗಾಚರ್‌ನ ತಂಡದಲ್ಲೇ ಅವನಿಗಾಗಿ ದುಡಿಯುವವನು. ಇಪ್ಪತ್ತನೇದು: ಕೇಡನ್ ಗ್ರೋವ್ಸ್. ಗ್ರೋವ್ಸ್ ಹೆಸರಾಗಿರೋದೇ ಸ್ಪ್ರಿಂಟರ್ ಅಂತ. ಅವತ್ತು ಮಳೆಯಲ್ಲಿ ಒಬ್ಬನೇ ಬಂದು ಗೆದ್ದ.

ಆರರಲ್ಲಿ ಮೂರು ನೆಚ್ಚಿನವರಿಗೆ, ಮೂರು ಮುಂದೆ ಕಿತ್ತುಕೊಂಡು ಹೋದ ಗುಂಪಿನವರಿಗೆ. ಮುಗಿದ ಮೇಲೆ ಈಗ ನಾನು ಎಲ್ಲದಕ್ಕೂ ಕಾರಣ ಕೊಡಬಲ್ಲೆ. ಬೆಳಗ್ಗೆ ಕೇಳಿದ್ರೆ, ಇವತ್ತು ಯಾವ ಬಗೆಯ ದಿನ ಅನ್ನೋದೇ ಮೊದಲ ಪ್ರಶ್ನೆ. ಯಾರು ಗೆಲ್ತಾರೆ ಅನ್ನೋದು ಅದಾದ ಮೇಲಿನ ಮಾತು. ಎರಡೂ ಸರಿಯಾದ್ರೆ ಮಾತ್ರ ದುಡ್ಡು.

ಗೆಲ್ಲಬಲ್ಲವನಿಗೆ ಗೆಲ್ಲೋದು ಬೇಡದಿದ್ದಾಗ

ಕ್ರಿಕೆಟ್ ನೋಡಿ ಬೆಳೆದ ನಮಗೆ ಇದನ್ನು ನುಂಗೋಕೆ ಕಷ್ಟ. ಕ್ರಿಕೆಟ್‌ನಲ್ಲಿ ಎರಡೂ ತಂಡ ಇವತ್ತಿನ ಪಂದ್ಯ ಗೆಲ್ಲೋಕೇ ಆಡುತ್ತೆ ಅಂತ ನಂಬಿಕೊಂಡಿರ್ತೀವಿ. ಮೂರು ವಾರದ ಸೈಕಲ್ ರೇಸ್‌ನಲ್ಲಿ ಹಾಗಲ್ಲ. ಒಟ್ಟಾರೆ ಗೆಲ್ಲಬೇಕಾದವನು ಇವತ್ತಿನ ಸ್ಟೇಜ್ ಬಿಟ್ಟುಕೊಡಬಹುದು. ಹಳದಿ ಜೆರ್ಸಿ ಹಾಕಿಕೊಂಡ್ರೆ ಗುಂಪನ್ನು ನಿಯಂತ್ರಿಸುವ ಕೆಲಸ ಸಾಮಾನ್ಯವಾಗಿ ಆ ತಂಡದ ತಲೆಗೇ ಬರುತ್ತೆ. ಸಂಜೆ ಪೋಡಿಯಂ, ಪತ್ರಿಕಾಗೋಷ್ಠಿ, ಡೋಪಿಂಗ್ ಪರೀಕ್ಷೆ ಅಂತ ವಿಶ್ರಾಂತಿಯ ಹೊತ್ತೂ ಹೋಗುತ್ತೆ. ಮೊದಲ ವಾರದಲ್ಲಿ ಆ ಜೆರ್ಸಿಯನ್ನು ಬೇರೆಯವರಿಗೆ ದಾಟಿಸೋದು ಹಳೇ ತಂತ್ರ. ಆರನೇ ಸ್ಟೇಜ್‌ನಲ್ಲಿ ಪೊಗಾಚರ್ ಇದ್ದ ಗುಂಪು ಐದು ನಿಮಿಷಕ್ಕೂ ತಡವಾಗಿ ಬಂತು. ಕಾಲಲ್ಲಿ ಶಕ್ತಿ ಇಲ್ಲದೆ ಅಲ್ಲ. ಮಾರನೇ ದಿನವೇ ಅವನು ಗೆದ್ದು ಜೆರ್ಸಿ ವಾಪಸ್ ತಗೊಂಡ.

ಬಾಜಿ ಕಟ್ಟುವವನು ಊಹಿಸಬೇಕಾದ್ದು ಬರೀ ಶಕ್ತಿಯನ್ನಲ್ಲ. 23 ತಂಡದ ಬಸ್ಸುಗಳೊಳಗೆ ಬೆಳಗ್ಗೆ ನಡೆದ ಮಾತುಕತೆಯನ್ನೂ ಊಹಿಸಬೇಕು. ಅದು ಆಪ್‌ನಲ್ಲಿ ಕಾಣಲ್ಲ.

ಆಡ್ಸ್ ಭವಿಷ್ಯವಲ್ಲ, ಬೆಲೆ

ಈಗ ಗಣಿತಕ್ಕೆ ಬರೋಣ, ಏಳನೇ ಕ್ಲಾಸಿನ ಗಣಿತ ಸಾಕು. ಆಡ್ಸ್ 4 ಅಂತಿದ್ರೆ, ನೂರು ಹಾಕಿ ಗೆದ್ದರೆ ನಿಮ್ಮ ನೂರೂ ಸೇರಿ ನಾನೂರು ಸಿಗುತ್ತೆ. 1ನ್ನು 4ರಿಂದ ಭಾಗಿಸಿ: ಶೇ. 25. ಅವನು ಗೆಲ್ಲುವ ಸಾಧ್ಯತೆ ಶೇ. 25 ಅಂತ ಆ ಬೆಲೆ ಹೇಳ್ತಿದೆ.

ಉದಾಹರಣೆಗೆ ಒಂದು ಸ್ಟೇಜ್‌ಗೆ ಹೀಗೆ ಬೆಲೆ ಇದೆ ಅಂದುಕೊಳ್ಳಿ. ಮೊದಲನೆಯವನಿಗೆ 2.5, ಎರಡನೆಯವನಿಗೆ 4, ಮೂರನೆಯವನಿಗೆ 5, ನಾಲ್ಕನೆಯವನಿಗೆ 10, ಮಿಕ್ಕವರೆಲ್ಲ ಸೇರಿ 4. ಶೇಕಡಾವಾರು ಮಾಡಿದ್ರೆ 40, 25, 20, 10, 25. ಕೂಡಿಸಿ: 120. ಸಾಧ್ಯತೆಗಳೆಲ್ಲ ಸೇರಿ ನೂರು ತಾನೇ ಆಗಬೇಕು? ಆ ಮೇಲಿನ 20 ಕಂಪನಿಯದ್ದು.

ನಂಬಿಕೆ ಬರದಿದ್ರೆ ಹೀಗೆ ಮಾಡಿ ನೋಡಿ. ಅದೇ ಕ್ರಮದಲ್ಲಿ 40, 25, 20, 10, 25 ರೂಪಾಯಿ ಎಲ್ಲರ ಮೇಲೂ ಹಾಕಿ. ಒಟ್ಟು 120 ಖರ್ಚು. ಯಾರೇ ಗೆಲ್ಲಲಿ, ನಿಮಗೆ ಬರೋದು ಸರಿಯಾಗಿ 100. ಯಾವ ರಿಸ್ಕೂ ಇಲ್ಲದೆ 20 ರೂಪಾಯಿ ಕಳಕೊಳ್ಳೋ ದಾರಿ ಇದು. ಇನ್ನೊಂದು ಕಡೆಯಿಂದ ನೋಡಿದ್ರೆ, ಯಾವ ರಿಸ್ಕೂ ಇಲ್ಲದೆ 20 ರೂಪಾಯಿ ಗಳಿಸೋ ದಾರಿ.

ಇಬ್ಬರೇ ಆಡುವ ಟೆನಿಸ್ ಪಂದ್ಯದಲ್ಲಿ ಈ ಹೆಚ್ಚುವರಿಯನ್ನು ಬಚ್ಚಿಡೋಕೆ ಎರಡೇ ಬೆಲೆ ಇರೋದು. 184 ಜನರ ರೇಸ್‌ನಲ್ಲಿ ಪ್ರತಿಯೊಬ್ಬನ ಬೆಲೆಯಲ್ಲೂ ಚೂರು ಚೂರು ಸೇರಿಸಬಹುದು. 200 ಆಡ್ಸ್ ಇರುವ ಯಾವುದೋ ಹುಡುಗನ ನಿಜವಾದ ಸಾಧ್ಯತೆ ಐನೂರಕ್ಕೆ ಒಂದೋ, ಸಾವಿರಕ್ಕೆ ಒಂದೋ ನಿಮಗೆ ತಿಳಿಯಲ್ಲ. "ನೂರು ಹಾಕಿದ್ರೆ ಇಪ್ಪತ್ತು ಸಾವಿರ" ಅನ್ನೋದು ಮಾತ್ರ ಕಣ್ಣಿಗೆ ರಾಚುತ್ತೆ.

ಬಾಜಿಯ ಬಗೆಗಳು, ಒಂದೊಂದರ ಗುಂಡಿ

ಸ್ಟೇಜ್ ಗೆಲ್ಲುವವನ ಮೇಲೆ: ಇದರ ಕಥೆ ಮೇಲೆ ಹೇಳಿದೆ. ಹಳದಿ ಜೆರ್ಸಿ ಸಿಕ್ಕರೂ ಸ್ಟೇಜ್ ಸಿಗದಿದ್ದರೆ ಸೊನ್ನೆ.

ಮೊದಲ ಮೂವರಲ್ಲಿ ಬರುವವನ ಮೇಲೆ: ಸುರಕ್ಷಿತ ಅನ್ನಿಸುತ್ತೆ, ಆದರೆ ಬೆಲೆ ಅಷ್ಟಕ್ಕಷ್ಟೆ. ನನ್ನ ರೂಮ್‌ಮೇಟ್ ಇದನ್ನು ಹಾಕಿದ್ದರೂ ಅವತ್ತು ಸೋಲುತ್ತಿದ್ದ.

ಇಬ್ಬರಲ್ಲಿ ಯಾರು ಮುಂದೆ: ಇದು ಬುದ್ಧಿವಂತರ ಬಾಜಿ ಅಂತ ಹೆಸರು. ಆದರೆ ನಾಯಕನಿಗಾಗಿ ದುಡಿಯುವ ಸವಾರ ತನ್ನ ಪಾಳಿ ಮುಗಿದ ಕೂಡಲೇ ಕಾಲು ಸಡಿಲ ಬಿಟ್ಟು ನಿಧಾನಕ್ಕೆ ಬರ್ತಾನೆ. ಇಪ್ಪತ್ತನೇ ಸ್ಥಾನವೂ ನೂರನೇ ಸ್ಥಾನವೂ ಅವನಿಗೆ ಒಂದೇ. ನಿಮಗೆ ಮಾತ್ರ ಅಲ್ಲ.

ಲೈವ್ ಬೆಟ್ಟಿಂಗ್: ಎಲ್ಲಕ್ಕಿಂತ ಅಪಾಯದ್ದು ಇದೇ. ನಮ್ಮ ಮೊಬೈಲ್‌ಗೆ ಬರುವ ದೃಶ್ಯ ಹಲವು ಸೆಕೆಂಡು ತಡ. ಅತ್ತ ಕಡೆ ಲೈವ್ ಡೇಟಾ ಇಟ್ಟುಕೊಂಡವರು ಬೆಲೆ ಬದಲಿಸಿ ಆಗಿರುತ್ತೆ. ಅದಕ್ಕಿಂತ ಹೆಚ್ಚಾಗಿ, ನಾಲ್ಕೂವರೆ ಗಂಟೆಯ ರೇಸ್‌ನಲ್ಲಿ ಪ್ರತಿ ಏರಿಗೂ "ಕಳೆದದ್ದನ್ನು ಈಗ ಹಿಡಿಯೋಣ" ಅನ್ನೋ ಗುಂಡಿ ಬೆರಳಿನ ಕೆಳಗೇ ಇರುತ್ತೆ. ಗುಂಡಿ ಅನ್ನೋದಕ್ಕೆ ಕನ್ನಡದಲ್ಲಿ ಎರಡು ಅರ್ಥ ಇರೋದು ಸುಮ್ಮನೆ ಅಲ್ಲ.

ಇಷ್ಟಕ್ಕೇ ಮುಗಿಯಲ್ಲ. 2006ರ ಟೂರ್‌ನ 17ನೇ ಸ್ಟೇಜ್‌ನಲ್ಲಿ ಫ್ಲಾಯ್ಡ್ ಲ್ಯಾಂಡಿಸ್ ಒಬ್ಬನೇ ಓಡಿಸಿ ಗೆದ್ದದ್ದನ್ನು ಜಗತ್ತು ಕೊಂಡಾಡಿತು. ಅದೇ ಸ್ಟೇಜ್‌ನ ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ. ಟೂರ್ ಪಟ್ಟ ಓಸ್ಕರ್ ಪೆರೇರೊಗೆ ಹೋಯ್ತು. ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್‌ನ ಏಳು ಪಟ್ಟಗಳು 2012ರಲ್ಲಿ ರದ್ದಾದವು. ಬೆಟ್ಟಿಂಗ್ ಕಂಪನಿಗಳ ಸಾಮಾನ್ಯ ನಿಯಮವೇನು ಗೊತ್ತಾ? ಆ ದಿನ ಪೋಡಿಯಂ ಮೇಲೆ ನಿಂತವನೇ ಗೆದ್ದವನು. ಆಮೇಲೆ ದಾಖಲೆ ಬದಲಾದ್ರೂ ಮೋಸ ಹೋದವನ ಮೇಲೆ ದುಡ್ಡು ಹಾಕಿದ್ದವರಿಗೆ ಏನೂ ಇಲ್ಲ.

ದುಡ್ಡು ಎಲ್ಲಿಗೆ ಹೋಗುತ್ತೆ?

ಯುರೋಪಿನಲ್ಲಿ ಇದು ಕದ್ದುಮುಚ್ಚಿ ನಡೆಯೋ ವ್ಯವಹಾರವಲ್ಲ. ಫ್ರಾನ್ಸ್ 2010ರಲ್ಲಿ ಆನ್‌ಲೈನ್ ಕ್ರೀಡಾ ಬೆಟ್ಟಿಂಗ್‌ಗೆ ಲೈಸೆನ್ಸ್ ವ್ಯವಸ್ಥೆ ತಂತು. ಸವಾರರು, ತಂಡದ ಸಿಬ್ಬಂದಿ ತಮ್ಮ ಕ್ರೀಡೆಯ ಮೇಲೆ ಬಾಜಿ ಕಟ್ಟೋದನ್ನು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ನಿಷೇಧಿಸಿದೆ. ಆದರೆ ಅವರ ಎದೆಯ ಮೇಲಿನ ಹೆಸರು? ಬೆಲ್ಜಿಯಂನ ಸರ್ಕಾರಿ ಲಾಟರಿ 'ಲೊಟ್ಟೊ' 1980ರ ದಶಕದಿಂದ ತಂಡದ ಪ್ರಾಯೋಜಕ. ಫ್ರಾನ್ಸಿನ ರಾಷ್ಟ್ರೀಯ ಲಾಟರಿ 'ಎಫ್‌ಡಿಜೆ' 1997ರಿಂದ. ಈ ಎಫ್‌ಡಿಜೆಯ ಹೆಚ್ಚಿನ ಪಾಲನ್ನು ಫ್ರಾನ್ಸ್ ಸರ್ಕಾರ 2019ರಲ್ಲಿ ಷೇರುಪೇಟೆಯಲ್ಲಿ ಮಾರಿತು. 2024ರಲ್ಲಿ ಆ ಕಂಪನಿ ಯೂನಿಬೆಟ್ ಎಂಬ ಬೆಟ್ಟಿಂಗ್ ಬ್ರ್ಯಾಂಡ್‌ನ ಮಾಲೀಕ ಕಂಪನಿಯನ್ನೇ ಕೊಂಡುಕೊಂಡಿತು. ಸವಾರ ಬಾಜಿ ಕಟ್ಟಿದ್ರೆ ಅಪರಾಧ, ಬಾಜಿಯ ದುಡ್ಡಿನಲ್ಲಿ ಅವನ ಸಂಬಳ ಬಂದ್ರೆ ಪ್ರಾಯೋಜಕತ್ವ.

ನಮ್ಮಲ್ಲಿ ಕಥೆ ಬೇರೆ ಥರ ಅಂಕುಡೊಂಕು. ಸಂವಿಧಾನದ ಪ್ರಕಾರ ಜೂಜು, ಬಾಜಿ ರಾಜ್ಯಪಟ್ಟಿಯ ವಿಷಯ. ಕುದುರೆ ರೇಸ್ ಕೌಶಲದ ಆಟ ಅಂತ ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ಹಣದ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2023ರ ಅಕ್ಟೋಬರ್‌ನಿಂದ ಕೇಂದ್ರ ಇದೇ ಆಟಗಳ ಮೇಲೆ ಶೇ. 28 ಜಿಎಸ್‌ಟಿ ಹಾಕಿತು. ಎರಡು ವರ್ಷ ತುಂಬುವ ಮೊದಲೇ ನಿಷೇಧದ ಕಾನೂನನ್ನೂ ತಂತು: ಆನ್‌ಲೈನ್ ಗೇಮಿಂಗ್ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿ ಅಂಕಿತ ಬಿತ್ತು. ಕೌಶಲವೋ ಅದೃಷ್ಟವೋ, ಹಣ ಹಾಕಿ ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಜಾಹೀರಾತು ಕೊಟ್ಟವರಿಗೆ ಎರಡು ವರ್ಷ, ಐವತ್ತು ಲಕ್ಷ. ಆಡಿದವನಿಗೆ ಶಿಕ್ಷೆ ಇಲ್ಲ.

ಈ ಕೊನೆಯ ಸಾಲು ಸರಿ ಅನ್ನೋದು ನನ್ನ ಅಭಿಪ್ರಾಯ. ಕಳಕೊಂಡವನನ್ನೇ ಜೈಲಿಗೆ ಹಾಕಿದ್ರೆ ಯಾರೂ ಬಾಯಿ ಬಿಡಲ್ಲ. ಆದರೆ ನಿಷೇಧ ಅನ್ನೋದು ಅರ್ಧ ಕೆಲಸ. ವಿದೇಶದಲ್ಲಿ ಕೂತ ಆಪ್ ಇವತ್ತು ಒಂದು ಹೆಸರಿನಲ್ಲಿ ಮುಚ್ಚಿ ನಾಳೆ ಇನ್ನೊಂದು ಹೆಸರಿನಲ್ಲಿ ತೆರೆದುಕೊಳ್ಳುತ್ತೆ. ಕೌಶಲ ಮತ್ತು ಅದೃಷ್ಟದ ವಾದದಲ್ಲೇ ಕೋರ್ಟುಗಳೂ ಸರ್ಕಾರಗಳೂ ವರ್ಷಗಟ್ಟಲೆ ಸುತ್ತಿವೆ. ಕೌಶಲ ಇದ್ದರೂ ಸೋಲುವಂತೆ ಬೆಲೆ ಕಟ್ಟಿರುತ್ತಾರೆ ಅನ್ನೋ ಸರಳ ಮಾತು ಆ ವಾದದಲ್ಲಿ ಕಳೆದುಹೋಗುತ್ತೆ. 120ಕ್ಕೆ 100ರ ಲೆಕ್ಕವನ್ನು ಪಿಯು ಕ್ಲಾಸಿನಲ್ಲಿ ಒಂದು ದಿನ ಬೋರ್ಡ್ ಮೇಲೆ ಬರೆದ್ರೆ ಸಾಕು, ಯಾವ ಮಸೂದೆಯೂ ಬೇಡ ಅದಕ್ಕೆ.

ರೂಮ್‌ಮೇಟ್‌ನ ಆ ತಿಂಗಳ ಬಾಡಿಗೆಯಲ್ಲಿ ಅರ್ಧ ನಾನು ಕೊಟ್ಟೆ. ದೊಡ್ಡತನಕ್ಕಲ್ಲ, ಸಲಹೆ ನನ್ನದೇ ಆಗಿತ್ತಲ್ಲ. ಇಪ್ಪತ್ತನೇ ಸ್ಟೇಜ್ ದಿನ ಇಬ್ಬರೂ ಒಟ್ಟಿಗೆ ನೋಡಿದ್ವಿ, ಒಂದು ರೂಪಾಯಿ ಹಾಕದೆ. ಮಳೆಯಲ್ಲಿ ಗ್ರೋವ್ಸ್ ಒಬ್ಬನೇ ಬರ್ತಿದ್ದಾಗ ಅವನು, "ಇವನ ಹೆಸರನ್ನ ನೀನು ಹೇಳ್ತಾನೇ ಇರ್ಲಿಲ್ಲ ಅಲ್ವಾ?" ಅಂದ. ಇಲ್ಲ, ಜನ್ಮದಲ್ಲಿ ಹೇಳ್ತಿರ್ಲಿಲ್ಲ.