ತುಂಗಭದ್ರೆಯ ಬಾಗಿಲುಗಳು ಮತ್ತು ಭಾರವೆತ್ತುವ ವಿದ್ಯೆ

ಶಾಮನೂರಿನ ಭಾಗದ ಗದ್ದೆಗಳು ಭದ್ರಾ ನಾಲೆಯ ನೀರನ್ನುಣ್ಣುತ್ತವೆ. ಹರಿಹರವನ್ನು ಹಾಯ್ದ ತುಂಗಭದ್ರೆಯಾದರೋ ಮುಂದೆ ಹೊಸಪೇಟೆಯ ಬಳಿ ಅಣೆಕಟ್ಟಿನಲ್ಲಿ ತಂಗುತ್ತದೆ. 1953ರಲ್ಲಿ ಪೂರ್ಣಗೊಂಡ ಈ ಅಣೆಕಟ್ಟಿನ ಕಲ್ಲುಕಟ್ಟಡವನ್ನು ಹೊಗಳುವವರು ಬಹಳ. ಅದರ 33 ಬಾಗಿಲುಗಳನ್ನೆತ್ತುವ ಉಕ್ಕಿನ ಕಟ್ಟಣೆಯನ್ನು ನೆನೆಯುವವರು ವಿರಳ. ಈ ಉಪೇಕ್ಷೆ ಸಲ್ಲದೆಂದು ನಾವು ಭಾವಿಸುತ್ತೇವೆ.

ಬಂದರಿನಲ್ಲಿ ಹಡಗಿನಿಂದ ಸರಕುಪೆಟ್ಟಿಗೆಗಳನ್ನಿಳಿಸುವ ಕ್ರೇನಿಗೂ ಈ ಸಾಧನಕ್ಕೂ ತತ್ತ್ವವೊಂದೇ. ತೂಗುವ ಭಾರವು ಹಗ್ಗ ಅಥವಾ ಸರಪಳಿಯಿಂದ ತೊಲೆಗೆ, ತೊಲೆಯಿಂದ ಕಂಬಕ್ಕೆ, ಅಲ್ಲಿಂದ ತಳಪಾಯಕ್ಕೆ ಇಳಿಯಬೇಕು. ಬಿಡುವಿಲ್ಲದೆ ದುಡಿಯುವ ಬಂದರಿನ ಕ್ರೇನಿನಲ್ಲಿ ಲೋಹ ದಣಿದು ಬೆಸುಗೆಯ ಸಂದುಗಳು ಬಿರಿಯುತ್ತವೆ. ಅಣೆಕಟ್ಟಿನ ಸರಪಳಿಗೆ ದುಡಿಮೆ ಅಲ್ಪ. ಆದರೆ ನೀರು, ತುಕ್ಕುಗಳ ಕಾಟ ಅದಕ್ಕೆ ತಪ್ಪಿದ್ದಲ್ಲ.

1960ರಲ್ಲಿ ಮೈಸೂರು ಮತ್ತು ಆಂಧ್ರ ಸರ್ಕಾರಗಳು ಕೂಡಿ ಅಣೆಕಟ್ಟಿನ ಬಳಿಯೇ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಸಂಸ್ಥೆಯನ್ನು ಸ್ಥಾಪಿಸಿದವು. ಬಾಗಿಲು, ನೀರ್ಗೊಳವೆ, ಕ್ರೇನುಗಳು ಅಲ್ಲಿ ತಯಾರಾಗುತ್ತಿದ್ದವು. 2015ರಲ್ಲಿ ಅದನ್ನು ಮುಚ್ಚುವ ತೀರ್ಮಾನವಾಯಿತು. ನಷ್ಟದ ಲೆಕ್ಕ ಸರಿಯೇ ಇದ್ದಿರಬಹುದು. ಕಳೆದುಹೋಗುವ ಕೈಚಳಕಕ್ಕೆ ಯಾವ ಖಾತೆಯಲ್ಲಿಯೂ ಕಾಲಂ ಇರುವುದಿಲ್ಲ.

2024ರ ಆಗಸ್ಟ್ 10ರ ರಾತ್ರಿ 19ನೆಯ ಬಾಗಿಲಿನ ಸರಪಳಿ ತುಂಡಾಗಿ ಬಾಗಿಲೇ ಕೊಚ್ಚಿಹೋಯಿತು. ಇಡೀ ವರ್ಷದ ಬೆಳೆಗೆ ಕಾದಿದ್ದ ನೀರು ನದಿಯ ಪಾಲಾಗತೊಡಗಿತು. ಒತ್ತಡವನ್ನು ತಗ್ಗಿಸಲು ಉಳಿದ ಬಾಗಿಲುಗಳನ್ನೂ ತೆರೆಯಬೇಕಾಯಿತು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಸುತ್ತಣ ಕಾರ್ಖಾನೆಗಳಲ್ಲಿ ತರಾತುರಿಯಿಂದ ಸಿದ್ಧಪಡಿಸಿದ ಉಕ್ಕಿನ ತಡೆಹಲಗೆಗಳನ್ನು ಭೋರ್ಗರೆವ ನೀರಿನೊಳಕ್ಕೆ ಕ್ರೇನುಗಳಿಂದ ಒಂದರ ಮೇಲೊಂದಾಗಿ ಇಳಿಸಲಾಯಿತು. 17ರ ವೇಳೆಗೆ ಆ ಕಂಡಿ ಮುಚ್ಚಿತು.